‘ಬಂದಿರಬೇಕು’ ಎನ್ನುವವನಿಗೆ ಸಂಶಯವಿಲ್ಲ

ಹೈಸ್ಕೂಲಿನ ಕನ್ನಡ ವ್ಯಾಕರಣದಲ್ಲಿ ಕ್ರಿಯಾಪದದ ಪಾಠ ಬಂದಾಗ ಮೂರು ಹೆಸರುಗಳನ್ನು ಬಾಯಿಪಾಠ ಮಾಡಿಸುತ್ತಾರೆ: ವಿಧ್ಯರ್ಥಕ, ನಿಷೇಧಾರ್ಥಕ, ಸಂಭಾವನಾರ್ಥಕ. ಮೂರನೆಯದಕ್ಕೆ ಕೊಡುವ ವಿವರಣೆ ಎಲ್ಲ ಕೈಪಿಡಿಗಳಲ್ಲೂ ಹೆಚ್ಚುಕಡಿಮೆ ಒಂದೇ. ಕ್ರಿಯೆ ನಡೆಯುವ ವಿಷಯದಲ್ಲಿ ಸಂಶಯ ಅಥವಾ ಊಹೆ ತೋರಿದರೆ ಅದು ಸಂಭಾವನಾರ್ಥಕ. ಬಂದಾನು, ಬಂದೀತು ಅದಕ್ಕೆ ಉದಾಹರಣೆ. ಪರೀಕ್ಷೆಯಲ್ಲಿ ಒಂದು ಅಂಕ. ನನ್ನ ತಕರಾರು ಆ ‘ಅಥವಾ’ದ ಮೇಲೆ. ಸಂಶಯವನ್ನೂ ಊಹೆಯನ್ನೂ ಒಂದೇ ಗಂಟಿಗೆ ಕಟ್ಟಿದ ಈ ವಿವರಣೆ ತಪ್ಪು, ಮತ್ತು ಅದರಿಂದ ಆಗುತ್ತಿರುವ ಹಾನಿ ವ್ಯಾಕರಣದ ಪುಸ್ತಕದೊಳಗೇ ನಿಂತಿಲ್ಲ. ಊಹಿಸುವುದೆಂದರೆ ಸರಿಯಾಗಿ ಗೊತ್ತಿಲ್ಲದಿರುವುದು, ಗೊತ್ತಿದ್ದವನು ಖಡಾಖಂಡಿತವಾಗಿ ಮಾತಾಡುತ್ತಾನೆ ಎಂಬ ನಂಬಿಕೆಯನ್ನು ಹೊತ್ತು ಹುಡುಗರು ಶಾಲೆಯಿಂದ ಹೊರಬರುತ್ತಾರೆ. ಮುಂದೆ ಅವರೇ ವರದಿಗಾರರು, ಗುಮಾಸ್ತರು, ಅಧಿಕಾರಿಗಳು ಆಗುತ್ತಾರೆ. ಹಳ್ಳಿಯವರ ಮಾತಿಗೆ ನಿಖರತೆಯಿಲ್ಲ, ಅವರದೆಲ್ಲ ಅಂದಾಜಿನ ಮಾತು ಎಂದು ತೀರ್ಪು ಕೊಡುವವರೂ ಅವರೇ.

ಈ ತೀರ್ಪು ಎಷ್ಟು ಸುಳ್ಳು ಎಂಬುದನ್ನು ತೋರಿಸಲು ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿಗಳ ಮಾತಿಗಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಈಗ ವಿಜಯನಗರ ಜಿಲ್ಲೆಗೆ ಸೇರಿದ ಈ ಐದು ತಾಲ್ಲೂಕುಗಳಲ್ಲಿ ತುಂಗಭದ್ರೆಯ ಅಂಚನ್ನು ಬಿಟ್ಟರೆ ಹೆಚ್ಚಿನ ನೆಲ ಮಳೆಯನ್ನೇ ನಂಬಿಕೊಂಡದ್ದು. ಮಸಾರಿಯಲ್ಲಿ ಶೇಂಗಾ, ಎರೆಯಲ್ಲಿ ಜೋಳ, ಈಚೆಗೆ ಎಲ್ಲಿ ನೋಡಿದರೂ ಮೆಕ್ಕೆಜೋಳ. ಬೀಜಕ್ಕೆ, ಗೊಬ್ಬರಕ್ಕೆ, ಬಾಡಿಗೆ ಟ್ರ್ಯಾಕ್ಟರಿಗೆ ಸಾಲ ತಂದು ಹದಕ್ಕಾಗಿ ಕಾಯುತ್ತಿರುವವನು ಮಳೆಯ ಬಗ್ಗೆ ಹೊತ್ತು ಕಳೆಯಲೆಂದು ಮಾತಾಡುವುದಿಲ್ಲ. ಅವನ ವಾಕ್ಯದ ಕೊನೆಯಲ್ಲಿ ಬರುವ ಕ್ರಿಯಾಪದವನ್ನು ಕಿವಿಗೊಟ್ಟು ಕೇಳಬೇಕು.

‘ಮಳಿ ಬರಂಗೈತಿ’ ಎಂದರೆ ಅವನ ಕಣ್ಣಿಗೆ ಏನೋ ಬಿದ್ದಿದೆ: ಮೂಡಲಲ್ಲಿ ಕಪ್ಪಿಟ್ಟಿದೆ, ಗಾಳಿ ದಿಕ್ಕು ಬದಲಿಸಿದೆ, ಇರುವೆ ತತ್ತಿ ಕಚ್ಚಿಕೊಂಡು ಮೇಲಕ್ಕೆ ಹೊರಟಿದೆ. ಕಾಣಿಸಿದ್ದೇನೂ ಇಲ್ಲದೆ ಈ ಮಾತನ್ನು ಆಡುವಂತಿಲ್ಲ. ಆಡಿದರೆ ‘ಎಲ್ಲೈತಪ್ಪಾ ಮಾಡ?’ ಎಂದು ಪಕ್ಕದವನು ಮುಗಿಲು ನೋಡುತ್ತಾನೆ. ‘ಮಳಿ ಬಂದೀತು’ ಎಂದರೆ ಈ ಗಳಿಗೆಯ ಮುಗಿಲಿಗಿಂತ ಹಿಂದಿನ ವರ್ಷಗಳ ಅನುಭವ ಮಾತಾಡುತ್ತಿದೆ. ರೋಹಿಣಿ ಹುಸಿಹೋಯಿತು, ಆರಿದ್ರ ಕೂಡುವ ಹೊತ್ತಾಯಿತು, ಇನ್ನು ಬಂದೀತು. ‘ಬರಬೌದು’ ಎಂದರೆ ಎರಡೂ ಬಾಗಿಲು ತೆರೆದಿವೆ. ‘ಕೂಡ್ಲಿಗ್ಯಾಗ ಮಳಿ ಬಂತಂತ’ ಎಂದರೆ ಮಾತು ಬೇರೆಯವರದು, ಜವಾಬ್ದಾರಿಯೂ ಅವರದೇ. ಕೊಟ್ಟೂರು ಬಸ್ ನಿಲ್ದಾಣದಲ್ಲಿ ನಿಂತವನು ಕೂಡ್ಲಿಗಿಯಿಂದ ಬಂದ ಬಸ್ಸಿನ ಗಾಜು ತೊಯ್ದಿರುವುದನ್ನು, ಗಾಲಿಗೆ ಕೆಸರು ಮೆತ್ತಿರುವುದನ್ನು ನೋಡಿ ‘ಕೂಡ್ಲಿಗ್ಯಾಗ ಮಳಿ ಬಂದಿರಬೇಕು’ ಎನ್ನುತ್ತಾನೆ. ಮಳೆಯನ್ನು ಅವನು ಕಂಡಿಲ್ಲ, ಯಾರೂ ಅವನಿಗೆ ಹೇಳಿಲ್ಲ. ಕಂಡದ್ದು ಗುರುತು, ಹೇಳಿದ್ದು ಆ ಗುರುತಿನಿಂದ ಹೊರಡಿಸಿದ ತೀರ್ಮಾನ. ಕಂಡದ್ದು, ಕೇಳಿದ್ದು, ಅನುಭವದಿಂದ ಎಣಿಸಿದ್ದು, ಗುರುತಿನಿಂದ ತಿಳಿದದ್ದು, ಯಾವುದೂ ತಿಳಿಯದೆ ಬಿಟ್ಟದ್ದು, ಇವೆಲ್ಲ ಐದು ಬೇರೆ ಬೇರೆ ಕ್ರಿಯಾರೂಪಗಳಲ್ಲಿ ಬರುತ್ತವೆ.

‘ಬಂದಿರಬೇಕು’ ಎಂಬುದರಲ್ಲಿ ಸಂಶಯ ಇದೆಯೇ? ಪರೀಕ್ಷಿಸಿ ನೋಡಬಹುದು. ‘ಬಂದಿರಬಹುದು, ಬರದೆಯೂ ಇರಬಹುದು’ ಎಂದು ಒಂದೇ ಬಾಯಲ್ಲಿ ಹೇಳಬಹುದು. ‘ಬಂದಿರಬೇಕು, ಬರದೆಯೂ ಇರಬೇಕು’ ಎಂದು ಯಾವ ಕನ್ನಡಿಗನೂ ಹೇಳಲಾರ. ಸಂಶಯದ ಮಾತಾಗಿದ್ದರೆ ಎರಡು ಕಡೆಯೂ ವಾಲಬೇಕಿತ್ತು, ಇದು ವಾಲುವುದಿಲ್ಲ. ಇನ್ನೊಂದು ಪರೀಕ್ಷೆ: ಮಳೆಯಲ್ಲಿ ನೆನೆಯುತ್ತ ನಿಂತವನು ‘ಮಳೆ ಬರುತ್ತಿರಬೇಕು’ ಎಂದರೆ ಕೇಳಿದವರು ತಬ್ಬಿಬ್ಬಾಗುತ್ತಾರೆ. ಮೈಗೆ ತಾಗಿದ್ದನ್ನು ಊಹೆಯ ರೂಪದಲ್ಲಿ ಹೇಳಲು ಭಾಷೆ ಬಿಡುವುದಿಲ್ಲ. ಅಂದಮೇಲೆ ಈ ರೂಪ ಅಳೆಯುತ್ತಿರುವುದು ಮನಸ್ಸಿನ ನಂಬಿಕೆ ಗಟ್ಟಿಯೋ ಸಡಿಲವೋ ಎಂಬುದನ್ನಲ್ಲ. ತಿಳಿವಳಿಕೆ ಯಾವ ದಾರಿಯಿಂದ ಬಂತು ಎಂಬುದನ್ನು. ಬಸ್ಸಿನ ಗಾಜು ನೋಡಿದವನಿಗೆ ಎಳ್ಳಷ್ಟೂ ಅನುಮಾನ ಇಲ್ಲದಿರಬಹುದು. ಆದರೂ ಅವನು ‘ಮಳೆ ಬಂತು’ ಎನ್ನುವುದಿಲ್ಲ, ‘ಬಂದಿರಬೇಕು’ ಎನ್ನುತ್ತಾನೆ. ನಾನು ಅಲ್ಲಿರಲಿಲ್ಲ ಎಂಬುದನ್ನು ಕೇಳುವವನಿಗೆ ತಿಳಿಸುವ ಹೊಣೆ ತನ್ನದು ಎಂದು ಅವನ ಭಾಷೆ ಅವನಿಗೆ ಕಲಿಸಿದೆ.

ಇನ್ನೊಬ್ಬರ ಒಡಲಿನ ವಿಷಯಕ್ಕೆ ಬಂದರೆ ಇದು ಇನ್ನೂ ಸ್ಪಷ್ಟ. ‘ನನಗ ಹಸಿವಾಗೈತಿ’ ಎನ್ನುವ ತಾಯಿ, ಅಳುವ ಕೂಸಿನ ಬಗ್ಗೆ ‘ಇದಕ್ಕ ಹಸಿವಾಗಿರಬೇಕು’ ಎನ್ನುತ್ತಾಳೆ. ‘ನನಗ ಹಸಿವಾಗಿರಬೇಕು’ ಎಂದು ಸಾಮಾನ್ಯವಾಗಿ ಯಾರೂ ಅನ್ನುವುದಿಲ್ಲ. ತನ್ನ ಹಸಿವು ತನಗೆ ನೇರವಾಗಿ ಗೊತ್ತು, ಕೂಸಿನ ಹಸಿವು ಅಳುವಿನಿಂದ ಗೊತ್ತು. ದುಡಿಯಲು ಚಿಕ್ಕಮಗಳೂರಿನ ಕಾಫಿ ತೋಟಕ್ಕೋ ಬೆಂಗಳೂರಿನ ಕಟ್ಟಡದ ಕೆಲಸಕ್ಕೋ ಹೋದ ಮಗನನ್ನು ನೆನೆದು ರಾತ್ರಿ ಒಂಬತ್ತಕ್ಕೆ ‘ಈಗ ಉಂಡಿದ್ದಾನು’ ಎನ್ನುವ ಲಂಬಾಣಿ ತಾಂಡಾದ ತಾಯಿಯ ಮಾತಿನಲ್ಲಿ ಹೊತ್ತಿನ ಲೆಕ್ಕ ಇದೆ, ಮಗನ ರೂಢಿಯ ತಿಳಿವಳಿಕೆ ಇದೆ, ಮನಸ್ಸಿನ ಹಂಬಲವೂ ಇದೆ. ಅದನ್ನು ‘ಸಂಶಯ’ ಎಂಬ ಒಂದು ಮಾತಿನಲ್ಲಿ ಮುಗಿಸುವ ಪಾಠವನ್ನು ನಾನು ಒಪ್ಪಲಾರೆ.

‘ಬಿದ್ದೀಯ!’ ಎಂಬ ಕೂಗನ್ನೇ ತೆಗೆದುಕೊಳ್ಳಿ. ಬಾವಿಕಟ್ಟೆಯ ಮೇಲೆ ಹತ್ತಿದ ಮಗುವಿಗೆ ಅಜ್ಜಿ ಕೂಗುವುದು ಇದನ್ನೇ. ಕೈಪಿಡಿಯ ಪ್ರಕಾರ ಇದೂ ಸಂಭಾವನಾರ್ಥಕ, ಅಂದರೆ ಬೀಳುವ ವಿಷಯದಲ್ಲಿ ಅಜ್ಜಿಗೆ ಸಂಶಯ. ಅಜ್ಜಿಗೆ ಇರುವುದು ಸಂಶಯವಲ್ಲ. ಪಾಚಿ ಕಟ್ಟಿದ ಕಲ್ಲು, ಮಗುವಿನ ಕಾಲು, ಕೆಳಗಿನ ಆಳ ಮೂರನ್ನೂ ಒಂದೇ ನೋಟದಲ್ಲಿ ಕೂಡಿಸಿ ಮುಂದೇನಾಗುತ್ತದೆ ಎಂದು ಕಂಡುಕೊಂಡು ತಡೆಯುತ್ತಿದ್ದಾಳೆ. ಈ ರೂಪಕ್ಕೆ ಧಾತುವಿನ ಭೂತಕಾಲದ ಅಂಗವೇ ಬುಡ: ಬಿದ್ದ, ಬಂದ, ಸುಟ್ಟ. ಇನ್ನೂ ಆಗದ್ದನ್ನು ಹೇಳಲು ಆಗಿಹೋದುದರ ಅಂಗವನ್ನು ಬಳಸುವ ಈ ರಚನೆ ಎಷ್ಟು ಅರ್ಥಪೂರ್ಣ! ಮುಂದಿನದನ್ನು ತಿಳಿಯುವ ದಾರಿ ಹಿಂದಿನದರಿಂದಲೇ ಹೊರಡುತ್ತದೆ. ಫರ್ಡಿನಾಂಡ್ ಕಿಟೆಲ್ 1903ರ ತಮ್ಮ ಕನ್ನಡ ವ್ಯಾಕರಣದಲ್ಲಿ ಇದನ್ನು ಒಂದು ಬೇರೆ ಕಾಲವೆಂದೇ ಗುರುತಿಸಿ ಅದಕ್ಕೆ ಪ್ರತ್ಯೇಕ ಹೆಸರು ಕೊಟ್ಟಿದ್ದರು. ನೂರಿಪ್ಪತ್ತು ವರ್ಷಗಳ ನಂತರವೂ ನಮ್ಮ ಮಕ್ಕಳ ಪುಸ್ತಕಕ್ಕೆ ಅದು ಒಂದು ಅಂಕದ ಸಂಶಯ.

‘ಇರಬೇಕು’ವಿಗಂತೂ ಪಠ್ಯದಲ್ಲಿ ಜಾಗವೇ ಇಲ್ಲ. ‘ಬೇಕು’ ಎಂದರೆ ಅಗತ್ಯ ಅಥವಾ ಕಟ್ಟಳೆ ಎಂದು ಒಂದು ಕಡೆ ಬರುತ್ತದೆ. ‘ಅಂತೆ’ ಅವ್ಯಯಗಳ ಪಟ್ಟಿಗೆ ಹೋಗುತ್ತದೆ. ‘ಹಾಗಿದೆ’ ಎಂಬುದು ಹೋಲಿಕೆಯ ಪಾಠದ ಪಾಲು. ಒಂದೇ ಕೆಲಸ ಮಾಡುವ ರೂಪಗಳನ್ನು ಹೀಗೆ ಚೆಲ್ಲಾಪಿಲ್ಲಿ ಮಾಡಿದ್ದೇಕೆಂದರೆ ನಮ್ಮ ವ್ಯಾಕರಣದ ಅಚ್ಚು ಸಂಸ್ಕೃತಕ್ಕೆಂದು ಮಾಡಿದ್ದು. ಡಿ. ಎನ್. ಶಂಕರ ಭಟ್ಟರು 2000ದಲ್ಲಿ ಬಂದ ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’ದಲ್ಲಿ ಈ ಅಚ್ಚಿನ ಬಗ್ಗೆಯೇ ಎಚ್ಚರಿಸಿದರು. ಅವರು ತಮ್ಮ ಬರಹದಲ್ಲಿ ಕೆಲವು ಅಕ್ಷರಗಳನ್ನು ಕೈಬಿಟ್ಟದ್ದರ ಬಗ್ಗೆ ನಡೆದಷ್ಟು ಜಗಳ ಅವರ ವ್ಯಾಕರಣದ ಮಾತಿನ ಬಗ್ಗೆ ನಡೆಯಲಿಲ್ಲ ಎಂಬುದು ನಮ್ಮ ವಿದ್ವತ್ತಿಗೆ ಶೋಭೆಯಲ್ಲ. ಅಮೆಜಾನ್ ಸೀಮೆಯ ತುಯುಕ ಭಾಷೆಯಲ್ಲಿ ಕಂಡದ್ದು, ಕೇಳಿಸಿದ್ದು, ಗುರುತಿನಿಂದ ತಿಳಿದದ್ದು, ಬೇರೆಯವರು ಹೇಳಿದ್ದು, ಹಾಗೆಂದು ಭಾವಿಸಿದ್ದು ಎಂದು ಐದು ಬಗೆಯ ಕ್ರಿಯಾಪ್ರತ್ಯಯಗಳಿರುವುದನ್ನು ಭಾಷಾವಿಜ್ಞಾನಿಗಳು ಬೆರಗಿನಿಂದ ಬರೆಯುತ್ತಾರೆ. ಅಲ್ಲಿ ಅದು ಕಡ್ಡಾಯ, ಇಲ್ಲಿ ಹಾಗಲ್ಲ. ಆ ವ್ಯತ್ಯಾಸ ದೊಡ್ಡದೇ. ಆದರೆ ಕಡ್ಡಾಯವಲ್ಲದಿದ್ದರೂ ಹರಪನಹಳ್ಳಿಯ ಸಂತೆಯಲ್ಲಿ ಜನ ಅದೇ ವಿವೇಚನೆಯನ್ನು ಪಾಲಿಸುತ್ತಾರೆ.

ಈ ಸೀಮೆಯ ಮಾತಿನಲ್ಲಿ ಹೊರಗಿನವರು ಎಡವುವ ಇನ್ನೊಂದು ಜಾಗ ಇದೆ. ಇಲ್ಲಿ ‘ಅವ ಬಂದಾನ’ ಎಂದರೆ ಬಂದಿದ್ದಾನೆ, ಎದುರಿಗೇ ಇದ್ದಾನೆ. ‘ಬಂದಾನು’ ಎಂದರೆ ಬರುವನೆಂಬ ಎಣಿಕೆ. ಕಂಡದ್ದಕ್ಕೂ ಎಣಿಸಿದ್ದಕ್ಕೂ ನಡುವೆ ಇರುವುದು ಕೊನೆಯ ಒಂದು ಸ್ವರ. ಇಲ್ಲಿನವರ ಕಿವಿ ಅದನ್ನು ತಪ್ಪಿಸಿಕೊಳ್ಳುವುದಿಲ್ಲ. ಮೈಸೂರು ಕಡೆಯ ಪುಸ್ತಕದ ಕಿವಿ ಎರಡನ್ನೂ ಊಹೆ ಎಂದು ಕೇಳಿಸಿಕೊಂಡು, ಇವರು ಯಾವುದನ್ನೂ ಗಟ್ಟಿಯಾಗಿ ಹೇಳುವುದಿಲ್ಲ ಎಂದುಕೊಳ್ಳುತ್ತದೆ. ಕೊಟ್ಟೂರಿನ ಕುಂ. ವೀರಭದ್ರಪ್ಪನವರು ಈ ಸೀಮೆಯ ನುಡಿಯಿಂದ ಕಟ್ಟಿದ ‘ಅರಮನೆ’ಗೆ 2007ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಕಾದಂಬರಿಯಲ್ಲಿ ಮೆಚ್ಚಿಕೊಂಡ ನುಡಿಯನ್ನು ಉತ್ತರಪತ್ರಿಕೆಯಲ್ಲಿ ಕೆಂಪು ಶಾಯಿಯಿಂದ ತಿದ್ದುವುದು ಇನ್ನೂ ನಿಂತಿಲ್ಲ.

ಊಹೆಯನ್ನು ನಂಬಬಾರದು ಎನ್ನುವ ವಾದ ಹೊಸದಲ್ಲ. ಚಾರ್ವಾಕರು ಪ್ರತ್ಯಕ್ಷವೊಂದೇ ಪ್ರಮಾಣ ಎಂದರು. ಗೌತಮನ ನ್ಯಾಯಸೂತ್ರಗಳ ಎರಡನೆಯ ಅಧ್ಯಾಯದಲ್ಲಿ ಅನುಮಾನ ಪ್ರಮಾಣವೇ ಅಲ್ಲ ಎಂಬ ಆಕ್ಷೇಪ ಎದ್ದುನಿಲ್ಲುತ್ತದೆ. ಹೊಳೆ ಏರಿದ್ದನ್ನು ನೋಡಿ ಮೇಲೆ ಮಳೆಯಾಗಿದೆ ಎನ್ನುತ್ತೀರಿ, ಆದರೆ ಯಾರೋ ಒಡ್ಡು ಕಟ್ಟಿದ್ದರಿಂದಲೂ ಏರಿರಬಹುದಲ್ಲ? ಇರುವೆ ತತ್ತಿ ಹೊತ್ತು ಹೊರಟರೆ ಮಳೆ ಬರುತ್ತದೆ ಎನ್ನುತ್ತೀರಿ, ಗೂಡಿಗೆ ಪೆಟ್ಟು ಬಿದ್ದಿದ್ದರೂ ಹೊರಡುತ್ತವಲ್ಲ? ನವಿಲಿನ ಕೂಗನ್ನು ಮನುಷ್ಯನೂ ಅನುಕರಿಸಬಲ್ಲನಲ್ಲ? ಸುಮಾರು 5ನೇ ಶತಮಾನದ ಭಾಷ್ಯಕಾರ ವಾತ್ಸ್ಯಾಯನ ಇದಕ್ಕೆ ಕೊಡುವ ಉತ್ತರ ನಮ್ಮ ರೈತರದೇ. ಬರೀ ಏರಿದ ನೀರಿನಿಂದ ಮಳೆಯನ್ನು ಊಹಿಸುವುದಿಲ್ಲ. ಸೆಳೆತ, ನೊರೆ, ತೇಲಿಬರುವ ಎಲೆ, ಹಣ್ಣು, ಕಟ್ಟಿಗೆ ಎಲ್ಲವನ್ನೂ ಕೂಡಿಸಿ ಊಹಿಸುತ್ತೇವೆ. ಗುರುತನ್ನು ಅರ್ಧ ನೋಡಿ ತಪ್ಪಿದರೆ ತಪ್ಪು ನೋಡಿದವನದು, ಊಹೆಯದಲ್ಲ.

ಹಡಗಲಿ ತಾಲ್ಲೂಕಿನ ಹೊಳೆಸಾಲಿನಲ್ಲಿ ಈ ವಾದ ಇಂದಿಗೂ ಜೀವಂತ. ತುಂಗಭದ್ರೆ ಏರಿದರೆ ಮಲೆನಾಡಿನಲ್ಲಿ ಮಳೆ ಹಿಡಿದಿದೆ ಎಂಬುದು ಹಳೆಯ ತಿಳಿವಳಿಕೆ. ಈಗ ಗಾಜನೂರಿನ ತುಂಗಾ, ಲಕ್ಕವಳ್ಳಿಯ ಭದ್ರಾ ಅಣೆಕಟ್ಟುಗಳ ಗೇಟು ತೆಗೆದರೂ ಹೊಳೆ ಏರುತ್ತದೆ. ಆಕ್ಷೇಪ ಎತ್ತಿದವನು ಹೇಳಿದ ಒಡ್ಡು ನಿಜವಾಗಿಯೇ ಬಂದು ನಿಂತಿದೆ! ಅದಕ್ಕೆಂದು ಮದಲಗಟ್ಟಿಯ ದಂಡೆಯವರು ಊಹಿಸುವುದನ್ನು ಬಿಟ್ಟಿಲ್ಲ. ನೀರಿನ ಬಣ್ಣ ನೋಡುತ್ತಾರೆ, ಕಸಕಡ್ಡಿ ತೇಲಿಬಂತೇ ಎಂದು ನೋಡುತ್ತಾರೆ, ಏರಿಕೆ ಸಾವಕಾಶವೋ ಒಮ್ಮೆಲೇ ಬಂದದ್ದೋ ಎಂದು ನೋಡುತ್ತಾರೆ. ಆಮೇಲೆ ‘ಗೇಟ್ ಬಿಟ್ಟಿರಬೇಕು’ ಅಥವಾ ‘ಮ್ಯಾಲೆ ಮಳಿ ಆಗಿರಬೇಕು’. ಆಧಾರ ಬದಲಾದಾಗ ಊಹೆ ತಿದ್ದಿಕೊಂಡಿತು.

ಗುಡೇಕೋಟೆಯ ಕರಡಿಧಾಮದ ಸುತ್ತಲಿನ ಹೊಲದವರು ಇದನ್ನೇ ಇನ್ನೊಂದು ಬಗೆಯಲ್ಲಿ ಕಲಿತಿದ್ದಾರೆ. ಕರಡಿಯ ಹಿಂಗಾಲಿನ ಹೆಜ್ಜೆ ಮನುಷ್ಯನ ಹೆಜ್ಜೆಯನ್ನು ಹೋಲುತ್ತದೆ. ಉಗುರಿನ ಗೆರೆ, ಅಗೆದ ಹುತ್ತ, ಹಣ್ಣಿನ ಬೀಜ ತುಂಬಿದ ಲದ್ದಿ ಕೂಡಿದರೆ ‘ರಾತ್ರಿ ಬಂದುಹೋಗಿರಬೇಕು’. ಮಬ್ಬಿನಲ್ಲಿ ಪೊದೆಯ ಹಿಂದೆ ಕಪ್ಪಾದದ್ದೇನೋ ಸರಿದರೆ ‘ಕರಡಿ ಕಂಡೆ’ ಎನ್ನುವುದಿಲ್ಲ, ‘ಕಂಡಂಗಾತು’ ಎನ್ನುತ್ತಾರೆ. ಕಣ್ಣಿನ ಸಾಕ್ಷಿಯೊಳಗೂ ಊಹೆ ಬೆರೆತಿರುತ್ತದೆ ಎಂಬ ತತ್ತ್ವಶಾಸ್ತ್ರದ ಕಠಿಣ ಪ್ರಶ್ನೆಗೆ ಈ ಭಾಷೆಯಲ್ಲಿ ಒಂದು ದಿನಬಳಕೆಯ ಕ್ರಿಯಾರೂಪ ಸಿದ್ಧವಾಗಿದೆ.

ಈಗ ಎದುರಾಳಿಗಳ ಬಲವಾದ ವಾದಕ್ಕೆ ಬರೋಣ. ಊಹೆಗೆ ಮರ್ಯಾದೆ ಕೊಟ್ಟರೆ ಮೂಢನಂಬಿಕೆಗೆ ಬಾಗಿಲು ತೆರೆದಂತೆ ಎನ್ನುತ್ತಾರೆ. ಅಂಗೈಯಲ್ಲಿ ತೆಂಗಿನಕಾಯಿ ಇಟ್ಟುಕೊಂಡು ಬೋರ್‌ವೆಲ್‌ಗೆ ಪಾಯಿಂಟ್ ತೋರಿಸುವವರನ್ನು ನಂಬಿ ಈ ತಾಲ್ಲೂಕುಗಳಲ್ಲಿ ಎಷ್ಟೋ ಕುಟುಂಬಗಳು ಸಾಲದಲ್ಲಿ ಮುಳುಗಿವೆ ಎಂಬುದು ನಿಜ. ಆದರೆ ಅವರು ಆಡುವ ಮಾತನ್ನು ಕೇಳಿ. ‘ಇಲ್ಲಿ ನೀರೈತಿ, ಇಷ್ಟು ಅಡಿಗೆ ಬೀಳತೈತಿ’. ಇದು ಊಹೆಯ ವ್ಯಾಕರಣವಲ್ಲ. ಕಣ್ಣಾರೆ ಕಂಡದ್ದನ್ನು ಹೇಳುವ ವ್ಯಾಕರಣ. ನೆಲದಡಿಯ ನೀರನ್ನು ಅವರು ಕಂಡಿಲ್ಲ. ಬಂಡೆಯ ಬಿರುಕು, ಪಕ್ಕದ ಹೊಲದ ಬೋರಿನ ಆಳ, ಇಳಿಜಾರು, ಇಂಥ ಯಾವ ಆಧಾರವನ್ನೂ ಮುಂದಿಡುವುದಿಲ್ಲ. ಭೂವಿಜ್ಞಾನಿಯಾದರೋ ಅವನ್ನೆಲ್ಲ ಹೇಳಿ ಕೊನೆಗೆ ‘ಸಿಕ್ಕೀತು’ ಎನ್ನುತ್ತಾನೆ, ಹಾಗೆಂದೇ ಜನ ಅವನನ್ನು ಬಿಟ್ಟು ತೆಂಗಿನಕಾಯಿಯವನ ಹಿಂದೆ ಹೋಗುತ್ತಾರೆ. ‘ಸಿಕ್ಕೀತು’ ಎಂಬುದು ಸಂಶಯ, ‘ಐತಿ’ ಎಂಬುದು ಜ್ಞಾನ ಎಂದು ನಾವೇ ಕಲಿಸಿದ್ದೇವಲ್ಲ! ಮೂಢನಂಬಿಕೆ ಬೆಳೆಯುವುದು ಊಹೆಯಿಂದಲ್ಲ, ಊಹೆಯ ರೂಪವನ್ನು ಅವಮಾನಿಸಿ ಖಚಿತತೆಗೆ ಮಣೆ ಹಾಕಿದ್ದರಿಂದ.

ಮೈಲಾರದ ಕಾರ್ಣಿಕ ಎಂಬ ಭವಿಷ್ಯನುಡಿಯ ಬಗ್ಗೆಯೂ ಇದನ್ನೇ ಹೇಳಬೇಕು. ಹಡಗಲಿ ತಾಲ್ಲೂಕಿನ ಮೈಲಾರದ ಡೆಂಕನಮರಡಿಯಲ್ಲಿ ಭರತ ಹುಣ್ಣಿಮೆಯ ಹೊತ್ತಿಗೆ ನಡೆಯುವ ಜಾತ್ರೆಯಲ್ಲಿ ಉಪವಾಸವಿದ್ದ ಗೊರವಯ್ಯ ಬಿಲ್ಲನ್ನೇರಿ ‘ಸದ್ದಲೇ’ ಎಂದಾಗ ಲಕ್ಷಾಂತರ ಜನ ಮೌನವಾಗುತ್ತಾರೆ. ಬರುವುದು ನಾಲ್ಕಾರು ಪದದ ಒಂದು ನುಡಿ. ಅದರ ಕೊನೆಯ ಕ್ರಿಯಾಪದ ‘ಆಯಿತಲೇ’ ಎಂಬಂತೆ ಕೇಳಿಸಿತೋ ‘ಆದೀತಲೇ’ ಎಂಬಂತೆಯೋ ಎಂಬುದೇ ಅರ್ಥವನ್ನು ಬದಲಿಸಬಲ್ಲದು. ಬಯಲಿನಲ್ಲಿ ಕೂತ ರೈತರು ಅದನ್ನು ಮಳೆಗೆ, ಬೆಳೆಗೆ, ರಾಜ್ಯದ ಆಡಳಿತಕ್ಕೆ ಹೊಂದಿಸಿ ನೋಡುತ್ತ ‘ಹಿಂಗಿರಬೌದು’ ಎಂದು ತಮ್ಮತಮ್ಮಲ್ಲಿ ಚರ್ಚಿಸುತ್ತಾರೆ. ನಂಬುವವರೂ ಅರ್ಥವನ್ನು ತಮ್ಮ ಹೊಣೆಯ ಮೇಲೆ, ಸಡಿಲವಾಗಿ ಹಿಡಿದಿರುತ್ತಾರೆ. ಆ ನುಡಿಯಿಂದ ಇಂಥವರ ಕುರ್ಚಿ ಹೋಗುತ್ತದೆ, ಇಂಥವರಿಗೆ ಪಟ್ಟ ಸಿಗುತ್ತದೆ ಎಂದು ಭವಿಷ್ಯತ್ಕಾಲದ ಖಚಿತ ವಾಕ್ಯ ಹೊರಡಿಸುವುದು ಬಯಲಲ್ಲ, ಸಂಜೆಯ ಟಿ.ವಿ. ಚರ್ಚೆ. ಓದಿದವರು ಹಳ್ಳಿಗರಿಂದ ಕಲಿಯಬೇಕಾದ ಸಂಯಮ ಇಲ್ಲಿದೆ.

ಪತ್ರಿಕೆಗಳ ಕನ್ನಡ ಮಾಡಿರುವ ಕೇಡು ಇನ್ನೊಂದು ಬಗೆಯದು. ‘ಎನ್ನಲಾಗಿದೆ’, ‘ಶಂಕಿಸಲಾಗಿದೆ’, ‘ಸಾಧ್ಯತೆ ಇದೆ’ ಎಂಬ ಮೂರು ಮಾತುಗಳಲ್ಲಿ ಎಲ್ಲವೂ ಮುಗಿದುಹೋಗುತ್ತದೆ. ಯಾರು ಅಂದರು? ಯಾರಿಗೆ ಶಂಕೆ? ಯಾವ ಗುರುತಿನಿಂದ ಸಾಧ್ಯತೆ? ಕರ್ಮಣಿ ಪ್ರಯೋಗ ಕರ್ತೃವನ್ನೂ ಆಧಾರವನ್ನೂ ಒಟ್ಟಿಗೇ ನುಂಗುತ್ತದೆ. ರೈತನೊಬ್ಬ ಪ್ರಾಣ ಕಳೆದುಕೊಂಡಾಗ ಇದು ಎಲ್ಲಕ್ಕಿಂತ ಕ್ರೂರವಾಗುತ್ತದೆ. ‘ಸಾಲಬಾಧೆಯಿಂದ ಎನ್ನಲಾಗಿದೆ’ ಎಂದು ಸುದ್ದಿ ಬರುತ್ತದೆ. ಐದು ಲಕ್ಷ ರೂಪಾಯಿ ಪರಿಹಾರಕ್ಕೆ ಆ ಸಾವು ಅರ್ಹವೋ ಅಲ್ಲವೋ ಎಂದು ಉಪವಿಭಾಗಾಧಿಕಾರಿ ನೇತೃತ್ವದ ಸಮಿತಿ ತೀರ್ಮಾನಿಸಬೇಕು. ಹೆಂಡತಿ ಹೇಳುವುದು ‘ಸಾಲದ ಚಿಂತಿಗೇ ಮಾಡ್ಕೊಂಡಿರಬೇಕು ಸಾಹೇಬ್ರ’ ಎಂದು. ಗಂಡನ ಮನಸ್ಸಿನೊಳಗೆ ಹೊಕ್ಕು ನೋಡಲು ಯಾರಿಂದಲೂ ಆಗದು, ಹಾಗಾಗಿ ಅವಳ ಭಾಷೆ ‘ಇರಬೇಕು’ ಎನ್ನಿಸುತ್ತದೆ. ಆ ಮಾತಿನ ಹಿಂದೆ ಬ್ಯಾಂಕಿನ ನೋಟಿಸು, ಕೈಸಾಲದವರ ಓಡಾಟ, ಒಣಗಿದ ಹೊಲ, ಅನ್ನ ಬಿಟ್ಟ ದಿನಗಳು ಇವೆ. ಬರೆದುಕೊಳ್ಳುವವನಿಗೆ ‘ಇರಬೇಕು’ ಎಂದರೆ ಸಂಶಯ ಎಂದು ಶಾಲೆ ಕಲಿಸಿದ್ದರೆ, ‘ಪತ್ನಿಗೂ ಕಾರಣ ಖಚಿತವಿಲ್ಲ’ ಎಂದು ಕಡತಕ್ಕೆ ಹೋಗಬಲ್ಲದು. ವ್ಯಾಕರಣದ ಒಂದು ತಪ್ಪು ಪಾಠ ಒಂದು ಮನೆಯ ಅನ್ನಕ್ಕೆ ಕುತ್ತು ತರಬಲ್ಲದು ಎಂದು ನಾನು ಹೇಳಿದರೆ ಅದರಲ್ಲಿ ಉತ್ಪ್ರೇಕ್ಷೆಯಿಲ್ಲ.

ನ್ಯಾಯಾಲಯಗಳು ಈ ವಿಷಯದಲ್ಲಿ ಪಠ್ಯಪುಸ್ತಕಕ್ಕಿಂತ ಎಷ್ಟೋ ಮುಂದಿವೆ. 1973ರ ಶಿವಾಜಿ ಸಾಹೇಬರಾವ್ ಬೋಬಡೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ‘ಮಾಡಿರಬಹುದು’ ಎಂಬುದಕ್ಕೂ ‘ಮಾಡಿರಲೇಬೇಕು’ ಎಂಬುದಕ್ಕೂ ನಡುವಿನ ಅಂತರ ದೊಡ್ಡದೆಂದು ಒತ್ತಿ ಹೇಳಿತು. 1984ರ ಶರದ್ ಬಿರ್ಧಿಚಂದ್ ಸಾರ್ಡಾ ಪ್ರಕರಣದಲ್ಲಿ ಅದನ್ನೇ ಆಧಾರ ಮಾಡಿಕೊಂಡು ಸಾಂದರ್ಭಿಕ ಸಾಕ್ಷ್ಯಕ್ಕೆ ಐದು ನಿಯಮಗಳನ್ನು ಹಾಕಿಕೊಟ್ಟಿತು. ಆ ನಿಯಮಗಳು ತುಂಬಿಬಂದರೆ ಕಣ್ಣಾರೆ ಕಂಡ ಒಬ್ಬ ಸಾಕ್ಷಿಯೂ ಇಲ್ಲದೆ, ಗುರುತುಗಳಿಂದ ಹೊರಡಿಸಿದ ಊಹೆಯಿಂದಲೇ ಮನುಷ್ಯನಿಗೆ ಶಿಕ್ಷೆಯಾಗಬಲ್ಲದು. ಶಿಲಾಶಾಸನಗಳನ್ನು ಓದುವವರದೂ ಇದೇ ಶಿಸ್ತು. ಹರಪನಹಳ್ಳಿ ತಾಲ್ಲೂಕಿನ ಬಾಗಳಿಯ ಕಲ್ಲೇಶ್ವರ ಗುಡಿಯ ಚಾಲುಕ್ಯರ ಕಾಲದ ಶಾಸನಗಳಂಥವನ್ನು ಅಚ್ಚು ಮಾಡುವಾಗ ಸವೆದ ಅಕ್ಷರವನ್ನು ಊಹಿಸಿ ಓದಿದ್ದರೆ ಅದನ್ನು ಕಂಸದೊಳಗಿಡುತ್ತಾರೆ, ಪೂರಾ ಹೋಗಿದ್ದರೆ ಚುಕ್ಕಿ ಹಾಕುತ್ತಾರೆ. ಕಂಸದೊಳಗಿನ ಅಕ್ಷರವನ್ನು ಇತಿಹಾಸಕಾರರು ಅಜ್ಞಾನವೆಂದು ತಳ್ಳಿಹಾಕುವುದಿಲ್ಲ. ಅದರ ಆಧಾರವನ್ನು ತೂಗಿನೋಡುತ್ತಾರೆ.

ಆಗಬೇಕಾದ ಕೆಲಸ ದೊಡ್ಡದೇನಲ್ಲ. ಬರಂಗೈತಿ, ಬಂದೀತು, ಬರಬಹುದು, ಬಂದಿರಬೇಕು, ಬಂತಂತೆ ಎಂಬ ರೂಪಗಳನ್ನು ಒಂದೇ ಪಾಠದಲ್ಲಿ ಪಕ್ಕಪಕ್ಕ ಇಡಬೇಕು. ಆಯಾ ಸೀಮೆಯ ಮಕ್ಕಳು ತಮ್ಮ ಮನೆಯ ರೂಪಗಳನ್ನೇ ತರಗತಿಗೆ ತರಲಿ. ಕೂಡ್ಲಿಗಿಯ ಹುಡುಗಿ ‘ಕಂಡಂಗಾತು’ ಎಂದು ಬರೆದರೆ ಅಂಕ ಕಳೆಯಬಾರದು. ವಿವರಣೆಯಿಂದ ‘ಸಂಶಯ’ ಎಂಬ ಪದವನ್ನು ತೆಗೆದು, ಅದನ್ನು ‘ಬಹುದು’ ಒಂದಕ್ಕೆ ಉಳಿಸಿಕೊಳ್ಳಲಿ. ‘ಬಂದಾನು ಎಂಬುದು ಯಾವ ಕ್ರಿಯಾಪದ?’ ಎಂದು ಒಂದು ಅಂಕಕ್ಕೆ ಕೇಳುವ ಬದಲು, ಹೀಗೆ ಹೇಳಿದವನು ಏನನ್ನು ಕಂಡಿರಬೇಕು, ಅದರಿಂದ ಈ ಮಾತಿಗೆ ಹೇಗೆ ಬಂದ ಎಂದು ನಾಲ್ಕು ಅಂಕಕ್ಕೆ ಕೇಳಲಿ. ಪತ್ರಿಕೆಯ ಮೇಜಿನಲ್ಲಿ ಕೂತವರೂ ಅದನ್ನೇ ಮಾಡಬಹುದು. ಹಗರಿಬೊಮ್ಮನಹಳ್ಳಿಯಿಂದ ಬಂದ ವರದಿಯಲ್ಲಿ ‘ಎನ್ನಲಾಗಿದೆ’ ಎಂದಿದ್ದರೆ ವರದಿಗಾರನಿಗೆ ಫೋನ್ ಮಾಡಿ, ಅಂದವರು ಯಾರು, ಅವರು ನೋಡಿದ್ದೇನು ಎಂದು ಕೇಳಿ, ಉತ್ತರ ಸಿಕ್ಕರೆ ಅದನ್ನು ಅಚ್ಚು ಮಾಡಲಿ, ಸಿಗದಿದ್ದರೆ ಆ ವಾಕ್ಯವನ್ನು ಹೊಡೆದುಹಾಕಲಿ.